ಪ್ರಜಾಪ್ರಭುತ್ವವಾದಿ ಅಧಿಕಾರಕ್ಕೆ ಬಂದಾಗ

ವಿರೋಧ ಪಕ್ಷದ ಸಾಲಿನಲ್ಲಿ ಕುಳಿತು ಸ್ವಾತಂತ್ರ್ಯದ ಪರ ಮಾತನಾಡಲು ಒಂದು ಬಗೆಯ ಧೈರ್ಯ ಬೇಕು. ಅಧಿಕಾರದ ಕುರ್ಚಿಯಲ್ಲಿ ಕುಳಿತ ಮೇಲೂ ಆ ಮಾತಿಗೆ ಬದ್ಧರಾಗಿರಲು ಬೇಕಾದ ಧೈರ್ಯ ಬೇರೆಯೇ. ಮೊದಲನೆಯದು ಇದ್ದವರಲ್ಲಿ ಎರಡನೆಯದೂ ಇರುತ್ತದೆಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಈ ನಂಬಿಕೆ ಎಷ್ಟು ದುರ್ಬಲವಾದದ್ದು ಎಂಬುದಕ್ಕೆ ಘಾನಾದ ಕೋಫಿ ಅಬ್ರೆಫಾ ಬುಸಿಯಾ ಅವರ ರಾಜಕೀಯ ಜೀವನಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಂಡಿಲ್ಲ.

1913ರಲ್ಲಿ ವೆಂಚಿಯ ರಾಜಮನೆತನದಲ್ಲಿ ಹುಟ್ಟಿದ ಬುಸಿಯಾ ಆಕ್ಸ್‌ಫರ್ಡ್‌ನಲ್ಲಿ ಓದಿ ಡಾಕ್ಟರೇಟ್ ಪಡೆದರು. ಘಾನಾ ಆಗ ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತು. ಅಲ್ಲಿ ಜಿಲ್ಲಾಧಿಕಾರಿಗಳಾದ ಮೊದಲ ಆಫ್ರಿಕನ್ನರಲ್ಲಿ ಅವರೊಬ್ಬರು. ಆನಂತರ ಅಲ್ಲಿನ ವಿಶ್ವವಿದ್ಯಾಲಯ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದರು. ಅಶಾಂಟಿ ಸಮಾಜದ ಪಾರಂಪರಿಕ ಮುಖ್ಯಸ್ಥರ ಸ್ಥಾನಮಾನವನ್ನು ಕುರಿತ ಅವರ ಅಧ್ಯಯನ 1951ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ಶಾಸನಸಭೆಯನ್ನೂ ಪ್ರವೇಶಿಸಿದರು.

1957ರಲ್ಲಿ ದೇಶ ಸ್ವತಂತ್ರವಾದಾಗ ಪ್ರಧಾನಿ ಕ್ವಾಮೆ ಎನ್‌ಕ್ರುಮಾ ಅವರ ಎದುರು ವಿರೋಧ ಪಕ್ಷದ ನಾಯಕರಾಗಿ ಸಂಸತ್ತಿನಲ್ಲಿ ನಿಂತವರು ಬುಸಿಯಾ. ಆ ನಿಲುವು ಅಪಾಯವಿಲ್ಲದ್ದೇನಲ್ಲ. 1958ರ ಮುಂಜಾಗ್ರತಾ ಬಂಧನ ಕಾಯ್ದೆಯು ಯಾರನ್ನೇ ಆಗಲಿ ವಿಚಾರಣೆಯಿಲ್ಲದೆ ಐದು ವರ್ಷಗಳವರೆಗೆ ಸೆರೆಯಲ್ಲಿಡುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತು. 1959ರಲ್ಲಿ ಬುಸಿಯಾ ದೇಶ ಬಿಟ್ಟರು. ಹಾಲೆಂಡ್ ಮತ್ತು ಇಂಗ್ಲೆಂಡ್‌ಗಳಲ್ಲಿ ಅಧ್ಯಾಪಕರಾಗಿ ಬದುಕಿದರು. ಅವರ ಸಹವರ್ತಿ, ಹಿರಿಯ ನಾಯಕ ಜೆ.ಬಿ. ಡಾಂಕ್ವಾ 1965ರಲ್ಲಿ ಎನ್ಸವಾಮ್ ಸೆರೆಮನೆಯಲ್ಲೇ ಕೊನೆಯುಸಿರೆಳೆದರು ಎಂಬುದನ್ನು ನೆನೆದರೆ, ಬುಸಿಯಾ ಅವರ ಭಯ ಕಲ್ಪಿತವಾಗಿರಲಿಲ್ಲ ಎಂಬುದು ತಿಳಿಯುತ್ತದೆ.

1966ರ ಫೆಬ್ರುವರಿಯಲ್ಲಿ ಸೈನ್ಯ ಎನ್‌ಕ್ರುಮಾ ಅವರನ್ನು ಪದಚ್ಯುತಗೊಳಿಸಿತು. ಬುಸಿಯಾ ತಾಯ್ನಾಡಿಗೆ ಮರಳಿದರು. 1969ರ ಚುನಾವಣೆಯಲ್ಲಿ ಅವರ ಪ್ರೋಗ್ರೆಸ್ ಪಕ್ಷ 140 ಸ್ಥಾನಗಳಲ್ಲಿ 105ನ್ನು ಗೆದ್ದು ಅವರು ಪ್ರಧಾನಿಯಾದರು. ಆಫ್ರಿಕದಲ್ಲಿ ಪ್ರಜಾಪ್ರಭುತ್ವವನ್ನು ಅರಸಿ ಗ್ರಂಥ ಬರೆದವರ ಕೈಗೆ ಒಂದು ದೇಶವೇ ಬಂದಿತ್ತು.

ಎರಡನೆಯ ಗಣರಾಜ್ಯ ಆರಂಭವಾಗಿ ಏಳು ವಾರಗಳಾಗಿದ್ದವಷ್ಟೆ. ನವೆಂಬರ್ 18ರಂದು ಸರ್ಕಾರ ಒಂದು ಆದೇಶ ಹೊರಡಿಸಿತು: ವಾಸದ ಪರವಾನಗಿ ಇಲ್ಲದ ವಿದೇಶೀಯರೆಲ್ಲ ಎರಡು ವಾರಗಳೊಳಗೆ ಅದನ್ನು ಪಡೆಯಬೇಕು, ಇಲ್ಲವೇ ದೇಶ ಬಿಡಬೇಕು. ನಿರುದ್ಯೋಗದಿಂದ ಬೇಸತ್ತಿದ್ದ ಜನರಿಂದ ಅದಕ್ಕೆ ಮೆಚ್ಚುಗೆಯೂ ದೊರೆಯಿತು. ನೈಜೀರಿಯ ಮತ್ತಿತರ ನೆರೆದೇಶಗಳ ಲಕ್ಷಾಂತರ ಮಂದಿ, ಅಲ್ಲಿಯೇ ಹುಟ್ಟಿ ಬೆಳೆದವರೂ ಸೇರಿದಂತೆ, ಗಂಟುಮೂಟೆ ಕಟ್ಟಿದರು. ಕೋಕೋ ತೋಟಗಳು ಕೂಲಿಯಾಳುಗಳನ್ನು ಕಳೆದುಕೊಂಡವು. ಮರುವರ್ಷ ಸಣ್ಣ ವ್ಯಾಪಾರವನ್ನು ಘಾನಾದವರಿಗೇ ಮೀಸಲಿಟ್ಟ ಕಾಯ್ದೆಯ ಬಿಸಿ ಲೆಬನಾನಿನ ಹಾಗೂ ಭಾರತದ ವರ್ತಕರಿಗೂ ತಟ್ಟಿತು.

1970ರಲ್ಲಿ 568 ಸರ್ಕಾರಿ ನೌಕರರನ್ನು ಒಮ್ಮೆಗೇ ಕೆಲಸದಿಂದ ತೆಗೆಯಲಾಯಿತು. ಅವರಲ್ಲೊಬ್ಬರಾದ ಸಲ್ಲಾ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಯಾರನ್ನಾದರೂ ನೌಕರಿಗೆ ಮರಳಿ ತೆಗೆದುಕೊಳ್ಳುವಂತೆ ಯಾವ ನ್ಯಾಯಾಲಯವೂ ಸರ್ಕಾರವನ್ನು ಬಲವಂತಪಡಿಸಲಾರದು ಎಂದು ಪ್ರಧಾನಿ ಬಾನುಲಿಯಲ್ಲಿ ಸಾರಿದರು. 1971ರಲ್ಲಿ ಕಾರ್ಮಿಕ ಸಂಘಗಳ ಒಕ್ಕೂಟವನ್ನು ಕಾನೂನಿನ ಮೂಲಕ ವಿಸರ್ಜಿಸಲಾಯಿತು. ದೇಶಭ್ರಷ್ಟ ಎನ್‌ಕ್ರುಮಾ ಅವರ ಪುನರಾಗಮನಕ್ಕಾಗಿ ಪ್ರಚಾರ ಮಾಡುವುದೂ ಅಪರಾಧವಾಯಿತು.

‘ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ’ ಎಂದು ಅವರನ್ನು ತಳ್ಳಿಹಾಕುವುದು ಸುಲಭ. ಅದು ನ್ಯಾಯವಾಗದು. ಹಳ್ಳಿಗಳಿಗೆ ರಸ್ತೆ, ಕುಡಿಯುವ ನೀರು ಒದಗಿಸುವುದನ್ನು ಅವರ ಸರ್ಕಾರ ಗಂಭೀರವಾಗಿ ತೆಗೆದುಕೊಂಡಿತ್ತು. ಹಳೆಯ ಸಾಲದ ಹೊರೆ, ಕುಸಿದ ಕೋಕೋ ಬೆಲೆ ಅವರು ತಂದುಕೊಂಡ ಕಷ್ಟಗಳಲ್ಲ. 1971ರ ಡಿಸೆಂಬರಿನಲ್ಲಿ ನಾಣ್ಯದ ಮೌಲ್ಯವನ್ನು ಭಾರೀ ಪ್ರಮಾಣದಲ್ಲಿ ಇಳಿಸಿದ್ದೇ ನೆಪವಾಗಿ, 1972ರ ಜನವರಿ 13ರಂದು ಕರ್ನಲ್ ಅಚೆಂಪಾಂಗ್ ದಂಗೆಯೆದ್ದರು. ಆಗ ಬುಸಿಯಾ ಚಿಕಿತ್ಸೆಗೆಂದು ಲಂಡನ್ನಿನಲ್ಲಿದ್ದರು. ಆ ದಂಗೆಯನ್ನು ನಾನು ಸಮರ್ಥಿಸಲಾರೆ. ಅದು ಘಾನಾಕ್ಕೆ ತಂದದ್ದು ಇನ್ನೂ ಕೆಟ್ಟ ದಿನಗಳನ್ನು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ದೇಶಭ್ರಷ್ಟನ ಬವಣೆಯನ್ನು ಸ್ವತಃ ಉಂಡವರು ಅಷ್ಟೊಂದು ಮಂದಿಯನ್ನು ಹದಿನಾಲ್ಕು ದಿನಗಳ ಗಡುವಿನಲ್ಲಿ ಹೊರದಬ್ಬಿದ್ದು ಹೇಗೆ? ಬುಸಿಯಾ ಕಪಟಿಯಾಗಿದ್ದರೆಂದು ನನಗೆ ಅನ್ನಿಸುವುದಿಲ್ಲ. ತಾವು ಒಳ್ಳೆಯವರೆಂಬ ದೃಢ ನಂಬಿಕೆಯೇ ಅವರನ್ನು ದಾರಿತಪ್ಪಿಸಿತು ಎಂದು ತೋರುತ್ತದೆ. ಎನ್‌ಕ್ರುಮಾ ಕೈಯಲ್ಲಿ ದಮನವಾಗಿ ಕಂಡದ್ದು ತಮ್ಮ ಕೈಯಲ್ಲಿ ಆಡಳಿತವಾಗಿ ಕಂಡಿತು. ಆದುದರಿಂದಲೇ ಸಲ್ಲಾ ಪ್ರಕರಣದ ತೀರ್ಪಿಗೆ ಹೆಚ್ಚಿನ ಬೆಲೆಯಿದೆ. ನಾಯಕರ ಸಜ್ಜನಿಕೆಯನ್ನು ನೆಚ್ಚಿಕೊಂಡ ಪ್ರಜೆಗೆ ಆಸರೆ ಸಿಗಲಿಲ್ಲ. ಸಂವಿಧಾನವನ್ನು ಓದಿದ ನ್ಯಾಯಾಧೀಶರಲ್ಲಿ ಸಿಕ್ಕಿತು. ಜನ ಚಪ್ಪಾಳೆ ತಟ್ಟುವ ಆದೇಶಗಳ ಕಾಲದಲ್ಲಂತೂ ಈ ಆಸರೆ ಎಲ್ಲ ದೇಶಗಳಿಗೂ ಬೇಕು.

ಬುಸಿಯಾ ಮತ್ತೆಂದೂ ಅಧಿಕಾರಕ್ಕೆ ಮರಳಲಿಲ್ಲ. 1978ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು. ಸುಮಾರು ನಾಲ್ಕೂವರೆ ವರ್ಷಗಳ ನಂತರ, 1983ರ ಜನವರಿಯಲ್ಲಿ, ನೈಜೀರಿಯ ಸರ್ಕಾರ ದಾಖಲೆಯಿಲ್ಲದ ವಿದೇಶೀಯರಿಗೆ ಅಂಥದೇ ಎರಡು ವಾರಗಳ ಗಡುವು ನೀಡಿತು. ಈ ಬಾರಿ ಗಂಟು ಕಟ್ಟಿದವರಲ್ಲಿ ಹೆಚ್ಚಿನವರು ಘಾನಾದವರು. ಅವರು ಸಾಮಾನು ತುಂಬಿಕೊಂಡು ಹೊರಟ ಚೌಕಳಿಯ ಅಗ್ಗದ ಚೀಲವನ್ನು ಪಶ್ಚಿಮ ಆಫ್ರಿಕದಲ್ಲಿ ಇಂದಿಗೂ ‘ಘಾನಾ ಮಸ್ಟ್ ಗೋ’ ಎಂದೇ ಕರೆಯುತ್ತಾರೆ.