ದೇವತಾಶಾಸ್ತ್ರ ಸಮನ್ವಿತ ಚಿಕಿತ್ಸಾ ಮನೋವಿಜ್ಞಾನದ ಡಾಕ್ಟರೇಟ್

ದೇವತಾಶಾಸ್ತ್ರ ಸಮನ್ವಿತ ಚಿಕಿತ್ಸಾ ಮನೋವಿಜ್ಞಾನದ ಡಾಕ್ಟರೇಟ್ ಎಂದರೆ ಮಾನಸಿಕ ಅಸ್ವಸ್ಥತೆಗಳ ಪರೀಕ್ಷೆ ಮತ್ತು ಮನೋಚಿಕಿತ್ಸೆಯ ಉನ್ನತ ಅಧ್ಯಯನವನ್ನು ಧರ್ಮ ಹಾಗೂ ದೇವತಾಶಾಸ್ತ್ರದ ವ್ಯಾಸಂಗದೊಡನೆ ಜೋಡಿಸಿ ಪಡೆಯುವ ಪದವಿ. ಅಮೆರಿಕದ ಕೆಲವು ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಇದು ಒಂದೇ ಪಠ್ಯಕ್ರಮವಾಗಿ ದೊರೆಯುತ್ತದೆ. ಭಾರತದಲ್ಲಿ ಚಿಕಿತ್ಸಾ ಮನೋವಿಜ್ಞಾನ ಮತ್ತು ದೇವತಾಶಾಸ್ತ್ರಗಳ ಶಿಕ್ಷಣವನ್ನು ಬೇರೆ ಬೇರೆ ಸಂಸ್ಥೆಗಳು ನಿಯಂತ್ರಿಸುತ್ತವೆ. ಆದ್ದರಿಂದ ಇವೆರಡನ್ನೂ ಬಯಸುವ ವಿದ್ಯಾರ್ಥಿ ಎರಡು ದಾರಿಗಳನ್ನು ಪ್ರತ್ಯೇಕವಾಗಿ ಕ್ರಮಿಸಬೇಕಾಗುತ್ತದೆ. ರೋಗಿಗೆ ಚಿಕಿತ್ಸೆ ನೀಡುವ ಕಾನೂನುಬದ್ಧ ಅಧಿಕಾರ ಇವುಗಳಲ್ಲಿ ಮೊದಲನೆಯದರಿಂದ ಮಾತ್ರ ಲಭಿಸುತ್ತದೆ.

ಹಿನ್ನೆಲೆ

ಧರ್ಮಬೋಧಕರಿಗೆ ಮನೋರೋಗಿಗಳ ನಡುವೆ ತರಬೇತಿ ನೀಡುವ ಪದ್ಧತಿಯನ್ನು ಆಂಟನ್ ಬಾಯ್ಸನ್ 1925ರಲ್ಲಿ ಅಮೆರಿಕದ ವೂಸ್ಟರ್ ಸರ್ಕಾರಿ ಆಸ್ಪತ್ರೆಯಲ್ಲಿ ಆರಂಭಿಸಿದರು. ಪಾದ್ರಿಯಾಗಿದ್ದ ಬಾಯ್ಸನ್ ಸ್ವತಃ ತೀವ್ರ ಮನೋವಿಕಲತೆಗೆ ಒಳಗಾಗಿ ಆಸ್ಪತ್ರೆಯಲ್ಲಿದ್ದು ಬಂದವರು. ರೋಗಿಯ ಹಾಸಿಗೆಯಿಂದ ಬೋಧಕನ ಪೀಠಕ್ಕೆ ಬಂದವರು ಈ ಕ್ಷೇತ್ರದ ಆದ್ಯರಾದುದು ಗಮನಾರ್ಹ. ಕ್ಯಾಲಿಫೋರ್ನಿಯದ ಫುಲ್ಲರ್ ದೇವತಾಶಾಸ್ತ್ರ ವಿದ್ಯಾಲಯವು 1965ರಲ್ಲಿ ಮನೋವಿಜ್ಞಾನ ಶಾಲೆಯನ್ನು ತೆರೆದ ಮೇಲೆ ಸಮನ್ವಿತ ಡಾಕ್ಟರೇಟ್ ಒಂದು ಸ್ಪಷ್ಟ ರೂಪ ಪಡೆಯಿತು. ಬಯೋಲಾ ವಿಶ್ವವಿದ್ಯಾಲಯದ ರೋಸ್‌ಮೀಡ್ ಶಾಲೆಯು 1973ರಿಂದ ಮನೋವಿಜ್ಞಾನ ಮತ್ತು ದೇವತಾಶಾಸ್ತ್ರಗಳಿಗೆ ಮೀಸಲಾದ ಪತ್ರಿಕೆಯೊಂದನ್ನು ಪ್ರಕಟಿಸುತ್ತಿದೆ. ಇಂತಹ ಕಡೆಗಳಲ್ಲಿ ವಿದ್ಯಾರ್ಥಿಯು ಮನೋವಿಜ್ಞಾನದ ಪಾಠಗಳ ಜತೆಗೆ ಧರ್ಮಗ್ರಂಥ ಮತ್ತು ನೀತಿಶಾಸ್ತ್ರವನ್ನು ಓದಿ, ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿ, ಪ್ರಬಂಧ ಬರೆದು, ಒಂದು ವರ್ಷದ ಪೂರ್ಣಾವಧಿ ಇಂಟರ್ನ್‌ಶಿಪ್ ಮುಗಿಸಬೇಕು.

ಭಾರತದಲ್ಲಿ ಚಿಕಿತ್ಸಾ ಮನೋವಿಜ್ಞಾನಿಯ ಅರ್ಹತೆ

ಈ ವೃತ್ತಿಯನ್ನು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, 1992ರ ಕಾಯ್ದೆಯ ಅಡಿಯಲ್ಲಿ ನಿಯಂತ್ರಿಸುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಚಿಕಿತ್ಸಾ ಮನೋವಿಜ್ಞಾನಿ ಯಾರು ಎಂಬುದನ್ನು ವ್ಯಾಖ್ಯಾನಿಸಿದೆ. ಅದರಂತೆ ಆತ ಅಥವಾ ಆಕೆ ಆರ್‌ಸಿಐ ಮಾನ್ಯ ಸಂಸ್ಥೆಯಿಂದ ಈ ವಿಷಯದ ಮಾನ್ಯ ಪದವಿ ಪಡೆದಿರಬೇಕು. ಇಲ್ಲವೇ ಮನೋವಿಜ್ಞಾನದ ಸ್ನಾತಕೋತ್ತರ ಪದವಿಯ ಮೇಲೆ, ಮೇಲ್ವಿಚಾರಣೆಯ ಚಿಕಿತ್ಸಾ ತರಬೇತಿಯನ್ನು ಒಳಗೊಂಡ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಮಾಡಿರಬೇಕು. ಪರಿಷತ್ತಿನ ನೋಂದಣಿಯಿಲ್ಲದೆ ಈ ವೃತ್ತಿ ನಡೆಸುವವರಿಗೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ 1992ರ ಕಾಯ್ದೆ ವಿಧಿಸುತ್ತದೆ. ದಂಡದ ಮೊತ್ತ ಇಂದಿಗೆ ಹಾಸ್ಯಾಸ್ಪದವಾಗಿ ಕಂಡರೂ ಕಾಯ್ದೆಯ ಆಶಯ ಸ್ಪಷ್ಟವಾಗಿದೆ.

ಎಂ.ಫಿಲ್. ತರಬೇತಿಯ ಮೊದಲ ವರ್ಷದಲ್ಲಿ ವರ್ತನೆಯ ಮನೋಸಾಮಾಜಿಕ ಬುನಾದಿ, ಮನೋವೈದ್ಯಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನಗಳ ಅಧ್ಯಯನವಿರುತ್ತದೆ. ವಿದ್ಯಾರ್ಥಿ ತಾನೇ ಪರೀಕ್ಷಿಸಿದ ರೋಗಿಗಳ ಕುರಿತು ಐದು ಪೂರ್ಣ ವರದಿಗಳನ್ನು ಒಪ್ಪಿಸಬೇಕು. ಎರಡನೆಯ ವರ್ಷದಲ್ಲಿ ಮಿದುಳು ಮತ್ತು ನರವ್ಯೂಹದ ಜೈವಿಕ ಹಿನ್ನೆಲೆ, ಮನೋಚಿಕಿತ್ಸೆ, ವರ್ತನಾ ವೈದ್ಯಶಾಸ್ತ್ರಗಳ ಜತೆಗೆ ಐದು ಚಿಕಿತ್ಸಾ ದಾಖಲೆಗಳು ಹಾಗೂ ಪ್ರಬಂಧ ಇರುತ್ತವೆ. ಇದಕ್ಕೆ ಪರ್ಯಾಯವಾಗಿ ಆರ್‌ಸಿಐ ಸೈ.ಡಿ. ಎಂಬ ನಾಲ್ಕು ವರ್ಷಗಳ ವೃತ್ತಿಪರ ಡಾಕ್ಟರೇಟನ್ನೂ ರೂಪಿಸಿದೆ.

ಇಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಪಿಎಚ್.ಡಿ.ಯ ವಿಷಯದಲ್ಲಿ. ಪಿಎಚ್.ಡಿ. ಸಂಶೋಧನಾ ಪದವಿ, ಅದೊಂದರಿಂದಲೇ ಚಿಕಿತ್ಸೆಯ ಪರವಾನಗಿ ಬರುವುದಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಪಡೆದವರು, ಅಥವಾ ನಾಲ್ಕು ವರ್ಷದ ಸ್ನಾತಕ ಪದವಿಯಲ್ಲಿ ಶೇ. 75 ಅಂಕ ಪಡೆದವರು ಪಿಎಚ್.ಡಿ.ಗೆ ಅರ್ಹರು. ಮೀಸಲು ವರ್ಗಗಳಿಗೆ ಶೇ. 5ರ ರಿಯಾಯಿತಿ ಇದೆ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್‌ಗಳದ್ದು; ಅವಧಿ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಹೆಸರಿನ ಹಿಂದೆ ಡಾ. ಎಂದು ಬರೆದುಕೊಳ್ಳುವವರೆಲ್ಲ ಚಿಕಿತ್ಸಾ ಮನೋವಿಜ್ಞಾನಿಗಳಲ್ಲ ಎಂಬ ಅಂಶ ರೋಗಿಯ ಮನೆಯವರಿಗೂ ತಿಳಿದಿರಬೇಕಾದುದು.

ಅದೇ 2022ರ ನಿಯಮಾವಳಿ ದೇಶದಲ್ಲಿ ಎಂ.ಫಿಲ್. ಪದವಿಯನ್ನು ನಿಲ್ಲಿಸಿತು. ಮಾನಸಿಕ ಆರೋಗ್ಯ ಸೇವೆಗೆ ತರಬೇತಾದವರ ಕೊರತೆಯನ್ನು ಗಮನಿಸಿ ಚಿಕಿತ್ಸಾ ಮನೋವಿಜ್ಞಾನ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಗಳ ಎಂ.ಫಿಲ್.ಗೆ ಮಾತ್ರ 2025–26ನೇ ಸಾಲಿನವರೆಗೆ ಪ್ರವೇಶ ನೀಡಲು ಆಯೋಗ 2024ರಲ್ಲಿ ಅನುಮತಿಸಿತು. ಹೀಗಾಗಿ ಆಯಾ ವರ್ಷದ ಆರ್‌ಸಿಐ ಅಧಿಸೂಚನೆಯನ್ನು ನೋಡದೆ, ಹಿರಿಯ ವಿದ್ಯಾರ್ಥಿಗಳ ಮಾತನ್ನಷ್ಟೇ ನಂಬಿ ಪ್ರವೇಶ ಪಡೆಯುವುದು ಅಪಾಯಕರ.

ದೇವತಾಶಾಸ್ತ್ರದ ದಾರಿ

ಪ್ರೊಟೆಸ್ಟಂಟ್ ದೇವತಾಶಾಸ್ತ್ರದ ಪದವಿಗಳನ್ನು ಹೆಚ್ಚಾಗಿ ಸೆರಾಂಪುರ ಕಾಲೇಜಿನ ಸೆನೆಟ್ ನೀಡುತ್ತದೆ. ಈ ಕಾಲೇಜಿಗೆ ಡೆನ್ಮಾರ್ಕಿನ ರಾಜಶಾಸನದಿಂದ 1827ರಲ್ಲೇ ಪದವಿ ನೀಡುವ ಅಧಿಕಾರ ಬಂದಿತ್ತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಮತ್ತು ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಈ ವ್ಯವಸ್ಥೆಗೆ ಸೇರಿವೆ. ಬಿ.ಡಿ., ಎಂ.ಟಿಎಚ್., ಡಿ.ಟಿಎಚ್. ಎಂಬುದು ಇಲ್ಲಿನ ಪದವಿಗಳ ಕ್ರಮ. ಎಂ.ಟಿಎಚ್. ಹಂತದಲ್ಲಿ ಸಭಾಪಾಲನೆಯ ಆರೈಕೆ ಮತ್ತು ಆಪ್ತಸಮಾಲೋಚನೆ ಒಂದು ಶಾಖೆಯಾಗಿದ್ದು, ಮನೋವಿಜ್ಞಾನಕ್ಕೆ ತೀರ ಸಮೀಪದ್ದು ಇದೇ. ಆದರೆ ಈ ಶಾಖೆಯ ಡಾಕ್ಟರೇಟ್ ಆರ್‌ಸಿಐ ನೋಂದಣಿಗೆ ಅರ್ಹತೆಯಲ್ಲ. ಸಭೆಯ ಸದಸ್ಯರೊಬ್ಬರ ದುಃಖವನ್ನು ಆಲಿಸಿ ಸಂತೈಸುವುದು ಆಪ್ತಸಮಾಲೋಚಕರ ಕೆಲಸ. ಖಿನ್ನತೆಯ ತೀವ್ರತೆಯನ್ನು ಅಳೆಯುವುದು ಬೇರೊಂದು ತರಬೇತಿಯನ್ನು ಬೇಡುತ್ತದೆ.

ಕ್ರೈಸ್ತೇತರ ಪರಂಪರೆಗಳಲ್ಲಿ ಇದಕ್ಕೆ ಸಮಾನವಾದ ವ್ಯಾಸಂಗವನ್ನು ವಿಶ್ವವಿದ್ಯಾಲಯಗಳ ತತ್ತ್ವಶಾಸ್ತ್ರ, ಸಂಸ್ಕೃತ ಮತ್ತು ಬಸವ ಅಧ್ಯಯನ ವಿಭಾಗಗಳಲ್ಲಿ ಮಾಡಬಹುದು.

ಹುಬ್ಬಳ್ಳಿ–ಧಾರವಾಡದಲ್ಲಿ

ಅವಳಿ ನಗರಗಳ ನಡುವಿನ ಉಣಕಲ್‌ನಲ್ಲಿ ನೆಲೆಸಿದ ವಿದ್ಯಾರ್ಥಿಗೆ ಈ ಅಧ್ಯಯನದ ಹಲವು ಹಂತಗಳು ಸಮೀಪದಲ್ಲೇ ದೊರೆಯುತ್ತವೆ. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗ ಧಾರವಾಡದಲ್ಲಿದೆ. ಅದೇ ಊರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್, 1845ರಲ್ಲಿ ಮನೋರೋಗಿಗಳ ಆಶ್ರಯಾಲಯವಾಗಿ ಆರಂಭವಾಗಿ ಇಂದು ಚಿಕಿತ್ಸೆಯೊಡನೆ ತರಬೇತಿಯನ್ನೂ ನೀಡುವ ಸಂಸ್ಥೆಯಾಗಿ ಬೆಳೆದಿದೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಉಣಕಲ್‌ಗೆ ಹೊಂದಿಕೊಂಡಂತೆ, ಕಿಮ್ಸ್ ಎಂದೇ ಜನ ಕರೆಯುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದಿತ್ತು. ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಧರ್ಮಪ್ರಾಂತದ ಕೇಂದ್ರ ಧಾರವಾಡದಲ್ಲಿದೆ. ಕ್ರೈಸ್ತ ದೇವತಾಶಾಸ್ತ್ರದ ಉನ್ನತ ಪದವಿಗೆ ಮಾತ್ರ ಮಂಗಳೂರು ಅಥವಾ ಬೆಂಗಳೂರಿಗೆ ಹೋಗಬೇಕು.

ಸಮನ್ವಯದ ಅಗತ್ಯ ಈ ಭಾಗದಲ್ಲಿ ಪುಸ್ತಕದ ಮಾತಲ್ಲ. ಮನೆಯಲ್ಲಿ ಒಬ್ಬರ ನಡತೆ ಬದಲಾದಾಗ ಅನೇಕ ಕುಟುಂಬಗಳು ಆಸ್ಪತ್ರೆಗಿಂತ ಮೊದಲು ಮಠಕ್ಕೋ ದರ್ಗಾಕ್ಕೋ ಚರ್ಚಿಗೋ ಹೋಗುತ್ತವೆ. ಉಣಕಲ್ಲಿನ ಸಿದ್ಧಪ್ಪಜ್ಜನ ಮಠ, ಹುಬ್ಬಳ್ಳಿಯ ಸಿದ್ಧಾರೂಢ ಮಠಗಳಂತಹ ತಾಣಗಳು ಇಲ್ಲಿನ ಜನರ ನೋವು ತೋಡಿಕೊಳ್ಳುವ ಜಾಗಗಳು. ಅಲ್ಲಿಂದ ಬಂದ ವ್ಯಕ್ತಿಗೆ, ಆ ನಂಬಿಕೆಯ ಅರ್ಥವೇ ತಿಳಿಯದ ಮನೋವಿಜ್ಞಾನಿ ಹೆಚ್ಚು ನೆರವಾಗಲಾರರು.

ಧಾರ್ಮಿಕ ತಾಣಗಳ ಎರಡು ಮುಖಗಳನ್ನು ತಮಿಳುನಾಡಿನ ಎರಡು ನಿದರ್ಶನಗಳು ತೋರಿಸುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ಮುತ್ತುಸ್ವಾಮಿ ದೇಗುಲವೊಂದರಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಅಧ್ಯಯನ ಮಾಡಿ, ಔಷಧಿಯಿಲ್ಲದೆಯೂ ಅವರ ರೋಗಲಕ್ಷಣಗಳ ಅಂಕ ಸರಾಸರಿ ಶೇ. 20ರಷ್ಟು ಇಳಿದುದನ್ನು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ನೆಮ್ಮದಿಯ, ಬೈಗುಳವಿಲ್ಲದ ಪರಿಸರವೇ ಇದಕ್ಕೆ ಕಾರಣವಾಗಿರಬಹುದೆಂದು ಅವರು ಭಾವಿಸಿದರು. ಅದಕ್ಕೂ ಮುಂಚಿನ ವರ್ಷ, 2001ರ ಆಗಸ್ಟ್ 6ರಂದು, ಎರ್ವಾಡಿಯ ದರ್ಗಾ ಬಳಿಯ ಖಾಸಗಿ ಆಶ್ರಯಾಲಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ಇಪ್ಪತ್ತೈದಕ್ಕೂ ಹೆಚ್ಚು ರೋಗಿಗಳು ಓಡಲಾಗದೆ ಸತ್ತರು. ಮನೋರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು 2017ರ ಕಾಯ್ದೆ ಸಂಪೂರ್ಣ ನಿಷೇಧಿಸಿದೆ.

ಸಮನ್ವಯದ ವಿಷಯಗಳು

ಎರಡೂ ಶಾಸ್ತ್ರಗಳನ್ನು ಬಲ್ಲವರ ನೆರವು ಬೇಕಾಗುವ ಸಂದರ್ಭಗಳಲ್ಲಿ ಮೈದುಂಬುವುದು ಮುಖ್ಯವಾದುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಆವೃತ್ತಿಯು ಆವೇಶವನ್ನು ರೋಗವೆಂದು ಕರೆಯಬೇಕಾದರೆ ಅದು ವ್ಯಕ್ತಿಯ ಇಚ್ಛೆಗೆ ವಿರುದ್ಧವಾಗಿರಬೇಕು ಮತ್ತು ಸಮುದಾಯ ಒಪ್ಪಿದ ಧಾರ್ಮಿಕ ಆಚರಣೆಯ ಭಾಗವಾಗಿರಬಾರದು ಎನ್ನುತ್ತದೆ. ಜಾತ್ರೆಯಲ್ಲಿ ದೇವರು ಮೈಮೇಲೆ ಬಂದು ಮರುದಿನ ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಗಳು ರೋಗಿಯಲ್ಲ. ಯಾವುದು ಒಪ್ಪಿತ ಆಚರಣೆ ಎಂದು ಅರಿಯಲು ಆ ಸಮುದಾಯದ ಧರ್ಮಜ್ಞಾನ ಬೇಕೇ ಬೇಕು. ಮಡಿಯ ಆಚರಣೆ ಎಲ್ಲಿ ಮುಗಿದು ಗೀಳಿನ ಕಾಯಿಲೆ ಎಲ್ಲಿ ಆರಂಭವಾಗುತ್ತದೆ, ಪಾಪಭೀತಿಯು ಯಾವಾಗ ಖಿನ್ನತೆಯ ಲಕ್ಷಣವಾಗುತ್ತದೆ ಎಂಬ ಪ್ರಶ್ನೆಗಳೂ ಇಂಥವೇ.

ಭಾಷೆಯೂ ಇಲ್ಲಿ ಬಂದು ಸೇರುತ್ತದೆ. ಧಾರವಾಡ ಸೀಮೆಯ ರೋಗಿ ತನಗೆ ಆತಂಕವಿದೆ ಎನ್ನುವುದಿಲ್ಲ. ಎದಿ ಝಲ್ ಅಂತದ, ಜೀವಕ್ಕ ಸಮಾಧಾನ ಇಲ್ಲ ಎನ್ನುತ್ತಾನೆ. ಮನೋವಿಜ್ಞಾನವನ್ನು ಕನ್ನಡದಲ್ಲಿ ನಿರೂಪಿಸಿದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು.

ವೃತ್ತಿನೀತಿ

ಚಿಕಿತ್ಸಕರು ತಮ್ಮ ನಂಬಿಕೆಯನ್ನು ರೋಗಿಯ ಮೇಲೆ ಹೇರುವಂತಿಲ್ಲ. ವ್ಯಕ್ತಿಯ ನಡೆ ಸಮುದಾಯದ ನೈತಿಕ ಮೌಲ್ಯಗಳಿಗಾಗಲಿ ಧಾರ್ಮಿಕ ನಂಬಿಕೆಗಳಿಗಾಗಲಿ ಹೊಂದುವುದಿಲ್ಲವೆಂಬ ಕಾರಣಕ್ಕೆ ಆತನನ್ನು ಮನೋರೋಗಿ ಎಂದು ನಿರ್ಣಯಿಸಬಾರದೆಂದು 2017ರ ಕಾಯ್ದೆಯ 3ನೇ ಕಲಮು ಹೇಳುತ್ತದೆ. ಚಿಕಿತ್ಸೆಯಲ್ಲಿ ಧರ್ಮ, ಜಾತಿ, ಲಿಂಗಗಳ ಆಧಾರದ ತಾರತಮ್ಯವನ್ನು 21ನೇ ಕಲಮು ನಿಷೇಧಿಸುತ್ತದೆ. ಅಂತರ್ಧರ್ಮೀಯ ವಿವಾಹವಾಗಲು ಹಟ ಹಿಡಿದ ಮಗಳನ್ನು ತಲೆ ಕೆಟ್ಟಿದೆಯೆಂದು ಕರೆತರುವ ತಂದೆತಾಯಿಗಳ ಮುಂದೆ ಸಮನ್ವಿತ ತರಬೇತಿ ಪಡೆದವರು ಈ ಕಲಮುಗಳನ್ನು ನೆನಪಿಡಬೇಕಾಗುತ್ತದೆ.

ವಿದೇಶಿ ಪದವಿ

ಅಮೆರಿಕದಲ್ಲಿ ಸಮನ್ವಿತ ಡಾಕ್ಟರೇಟ್ ಪಡೆದವರು ಸ್ವದೇಶಕ್ಕೆ ಮರಳಿದೊಡನೆ ಚಿಕಿತ್ಸೆ ಆರಂಭಿಸುವಂತಿಲ್ಲ; ಅವರ ಅರ್ಹತೆಯನ್ನು ಆರ್‌ಸಿಐ ಮಾನ್ಯ ಮಾಡಿ ನೋಂದಾಯಿಸಿಕೊಳ್ಳಬೇಕು. ಅಮೆರಿಕದಲ್ಲೇ ವೃತ್ತಿ ನಡೆಸುವವರಿಗೆ ಆಯಾ ರಾಜ್ಯದ ಪರವಾನಗಿ ಬೇಕು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಮಾನ್ಯತೆಯಿಲ್ಲದ ಶಾಲೆಯ ಪದವಿಯಿಂದ ಪರವಾನಗಿ ಪಡೆಯುವುದು ಹಲವು ರಾಜ್ಯಗಳಲ್ಲಿ ಕಷ್ಟ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಪಠ್ಯಕ್ರಮದ ಮಾನ್ಯತೆಯನ್ನೂ ಇಂಟರ್ನ್‌ಶಿಪ್ ದೊರೆಯುವ ವ್ಯವಸ್ಥೆಯನ್ನೂ ವಿಚಾರಿಸಿಕೊಳ್ಳಬೇಕಾಗುತ್ತದೆ.