ಮಾತೃ, ಮದರ್, ತಾಯಿ

ಗುಬ್ಬಿಯ ಶಾಲೆಯೊಂದರಲ್ಲಿ ಸಂಸ್ಕೃತವನ್ನು ಕಲಿಸುತ್ತಿದ್ದಾಗ, ‘ಮಾತೃ’, ‘ಮದರ್’ ಶಬ್ದಗಳು ಒಂದೇ ಬುಡದವೆಂದೂ ಆ ಬುಡವು ಭರತಖಂಡದಲ್ಲಿಯೇ ಇದ್ದಿತೆಂದೂ ನಾನು ಹೇಳುತ್ತಿದ್ದೆನು. ಎರಡನೆಯ ಮಾತನ್ನು ಈಗ ಹಿಂತೆಗೆದುಕೊಳ್ಳಬೇಕಾಗಿದೆ.

ಹರಿಯಾಣದ ರಾಖೀಗಢಿಯಲ್ಲಿ ದೊರೆತ, ಸಿಂಧೂ ನಾಗರಿಕತೆಯ ಕಾಲದ 61 ಅಸ್ಥಿಮಾದರಿಗಳಲ್ಲಿ ಒಬ್ಬ ಸ್ತ್ರೀಯ ಡಿ.ಎನ್.ಎ. ಮಾತ್ರ ಓದಲು ಬಂದಿತು. 2019ರಲ್ಲಿ ಪ್ರಕಟವಾದಂತೆ, ಆಕೆಯಲ್ಲಿ ಸ್ಟೆಪಿ ಹುಲ್ಲುಗಾವಲಿನ ಪಶುಪಾಲಕರ ಅಂಶವು ಕಾಣದು. ಅದು ಕ್ರಿ.ಪೂ. 2000–1500ರ ನಡುವೆ ಬಂದಿತೆಂದು ಅದೇ ವರ್ಷದ ಮತ್ತೊಂದು ಪ್ರಬಂಧವು 523 ಮಂದಿ ಪ್ರಾಚೀನರ ಡಿ.ಎನ್.ಎ.ಯಿಂದ ತೋರಿಸಿತು. ಸಂಸ್ಕೃತದ ಪೂರ್ವಭಾಷೆಯೂ ಅವರೊಡನೆ ಬಂದಿತೆಂಬುದು ಅನೇಕ ವಿದ್ವಾಂಸರ ಅನುಮಾನ. ಮೂಳೆಗೆ ನಾಲಗೆಯಿಲ್ಲ, ನಿಜ. ಆದರೂ ನನಗೆ ಅದು ಒಪ್ಪಿಗೆ.

“ಹಾಗಾದರೆ ನಾವು ಹೊರಗಿನವರೇ, ತಾತ?” ಎಂದಳು ತುಮಕೂರಿನ ಮೊಮ್ಮಗಳು.

ಅಲ್ಲಮ್ಮ. ರಾಖೀಗಢಿಯ ಆಕೆಯ ಜನರೇ ಇಂದಿನ ಭಾರತೀಯರಲ್ಲಿ ಬಹುಮಂದಿಗೆ ದೊಡ್ಡ ಪಾಲಿನ ಪೂರ್ವಿಕರು. ನೀನಾಡುವ ‘ತಾಯಿ’ ದ್ರಾವಿಡ ಶಬ್ದ, ‘ಮಾತೆ’ ಸಂಸ್ಕೃತದ್ದು. ಕುಣಿಗಲಿನ ನಮ್ಮ ಬೀಗರ ಮನೆಯಲ್ಲಿ ಎರಡೂ ಸಲ್ಲುತ್ತವೆ.