ಅಡಿಕೆಯ ಕೊಳೆರೋಗ: ಶಿಲೀಂಧ್ರ ಬೆಳೆಯುವ ಬಗೆ, ಹರಡುವ ಬಗೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮುಂಗಾರು ಹಿಡಿದು ಹದಿನೈದು ಇಪ್ಪತ್ತು ದಿನಗಳಾದ ಮೇಲೆ ಅಡಿಕೆ ಮರದ ಬುಡದಲ್ಲಿ ಎಳೆಯ ಹಸಿರು ಕಾಯಿಗಳು ಕಾಣಿಸತೊಡಗಿದರೆ ಕೊಳೆರೋಗ ತೋಟ ಹೊಕ್ಕಿದೆಯೆಂದೇ ಶಂಕಿಸಬೇಕು. ಅಂಥ ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡುಹಸಿರು ಮಚ್ಚೆಯಿರುತ್ತದೆ. ಕಾಯಿ ಕೆಲವು ದಿನ ನೆಲದಲ್ಲೇ ಬಿದ್ದಿದ್ದರೆ ಅದರ ಮೇಲೆ ಹತ್ತಿಯಂತಹ ಬಿಳಿ ಬೂಷ್ಟು ಹಬ್ಬುತ್ತದೆ. ಅನೇಕರು ಉದುರಿದ ಕಾಯಿಯನ್ನು ಆಗಿಹೋದ ನಷ್ಟವೆಂದು ಬಗೆದು ಅಲ್ಲಿಯೇ ಬಿಡುತ್ತಾರೆ. ಆದರೆ ಮೇಲಿನ ಕೊನೆಗಳಿಗೆ, ಪಕ್ಕದ ಮರಗಳಿಗೆ ರೋಗ ಏರುವುದು ಈ ಬಿಳಿ ಬೂಷ್ಟಿನಿಂದಲೇ.

ಈ ರೋಗಕಾರಕದ ಹೆಸರು ಫೈಟಾಫ್ತೊರ. ಕರಿಮೆಣಸಿನ ಶೀಘ್ರ ಸೊರಗು ರೋಗ, ಆಲೂಗಡ್ಡೆಯ ಅಂಗಮಾರಿ, ಅಮೆರಿಕದಲ್ಲಿ ಸೋಯಾ ಅವರೆಯ ಬೇರು ಮತ್ತು ಕಾಂಡ ಕೊಳೆ ಇವೆಲ್ಲಕ್ಕೂ ಇದೇ ವಂಶದ ಬೇರೆ ಬೇರೆ ಜಾತಿಗಳು ಕಾರಣ. ವಾಡಿಕೆಯಲ್ಲಿ ಇದನ್ನು ಶಿಲೀಂಧ್ರವೆಂದೇ ಕರೆದರೂ ವಿಜ್ಞಾನಿಗಳು ಇಂದು ಇದನ್ನು ನೀರಿನ ಪಾಚಿಗಳ ಸಂಬಂಧಿಯೆಂದು ವಿಂಗಡಿಸಿದ್ದಾರೆ. ಇದು ಬರಿಯ ಹೆಸರಿನ ಚರ್ಚೆಯಲ್ಲ. ಇತರ ಶಿಲೀಂಧ್ರಗಳನ್ನು ಕೊಲ್ಲುವ ಕಾರ್ಬೆಂಡಜಿಂನಂತಹ ಔಷಧಿ ಇದರ ಮೇಲೆ ನಾಟುವುದಿಲ್ಲ. ಅಂಗಡಿಯಲ್ಲಿ ಸಿಕ್ಕಿದ ಪುಡಿಯನ್ನು ತಂದು ಹೊಡೆದು ‘ಮದ್ದು ಹಿಡಿಯಲಿಲ್ಲ’ ಎನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಬೂಷ್ಟಿನ ಎಳೆಗಳ ತುದಿಯಲ್ಲಿ ನಿಂಬೆಯ ಆಕಾರದ ಅತಿ ಸಣ್ಣ ಬೀಜಾಣುಕೋಶಗಳು ಹುಟ್ಟುತ್ತವೆ. ಮಳೆ ಹನಿ ಸಿಡಿದಾಗ, ಗಾಳಿ ನೀರಿನ ತುಂತುರನ್ನು ಹೊತ್ತಾಗ ಅವು ಕೊನೆಯಿಂದ ಕೊನೆಗೆ ಸಾಗುತ್ತವೆ. ತಂಪಾದ ನೀರಿನಲ್ಲಿ ಒಂದೊಂದು ಕೋಶವೂ ಒಡೆದು, ಎರಡೆರಡು ಬಾಲದ ಹಲವು ಬೀಜಾಣುಗಳು ಹೊರಬಂದು ಈಜುತ್ತವೆ. ಕಾಯಿಯ ಮೇಲಿನ ನೀರಿನ ಪೊರೆಯೇ ಅವುಗಳಿಗೆ ಕೆರೆ. ಸ್ವಲ್ಪ ಹೊತ್ತು ಈಜಿ, ಬಾಲ ಕಳಚಿ, ಕಾಯಿಗೆ ಅಂಟಿಕೊಂಡು ಮೊಳೆತು ಒಳಹೊಗುತ್ತವೆ. ತೊಟ್ಟಿನ ಸುತ್ತ ನೀರು ಹೆಚ್ಚು ಹೊತ್ತು ನಿಲ್ಲುವುದರಿಂದ ಮೊದಲ ಮಚ್ಚೆ ಸಾಮಾನ್ಯವಾಗಿ ಅಲ್ಲಿಯೇ ಕಾಣುತ್ತದೆ. ಕೆಲವೇ ದಿನಗಳಲ್ಲಿ ಆ ಕಾಯಿಯ ಮೇಲೂ ಹೊಸ ಬೀಜಾಣುಕೋಶಗಳು ಸಿದ್ಧವಾಗುತ್ತವೆ.

ಹೀಗೆ ಒಂದು ಮಳೆಗಾಲದಲ್ಲಿ ಈ ಚಕ್ರ ಅನೇಕ ಬಾರಿ ಸುತ್ತುತ್ತದೆ. ಉಷ್ಣತೆ 20ರಿಂದ 23 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವ ಶೇಕಡಾ 90ಕ್ಕೂ ಮಿಕ್ಕು, ನಡುನಡುವೆ ಬಿಸಿಲು ಇಣುಕುವ ಮಳೆ ಇವು ಅದಕ್ಕೆ ಹೇಳಿ ಮಾಡಿಸಿದ ಹವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ, ಹೊಸನಗರದ ಹುಲಿಕಲ್, ಮಾಸ್ತಿಕಟ್ಟೆ ಕಡೆ ಈ ಹವೆ ತಿಂಗಳುಗಟ್ಟಲೆ ಇರುತ್ತದೆ. ಕಣಿವೆಯಲ್ಲಿ ಒತ್ತಾಗಿ ನೆಟ್ಟ, ಬಸಿಗಾಲುವೆ ಹೂಳಿರುವ ತೋಟಗಳಿಗೆ ಅಪಾಯ ಇನ್ನೂ ಹೆಚ್ಚು.

ಮಲೆನಾಡಿನ ಹಿರಿಯರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರನ್ನೇ ತಡೆಯುತ್ತಿದ್ದರು. ಬೀಜಾಣುವಿನ ವಿಚಾರ ಅವರಿಗೆ ತಿಳಿಯದಿದ್ದರೂ ಉಪಾಯ ಸರಿಯಾಗಿಯೇ ಇತ್ತು. ಕೊನೆ ತೋಯದಿದ್ದರೆ ಬೀಜಾಣುವಿಗೆ ಈಜಲು ನೀರಿಲ್ಲ. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಬೆಳಕಿಗೆ ಬಂದ ಔಷಧಿ ಅದು. ‘ಕೊಳೆರೋಗ’ ಎಂಬ ನಮ್ಮ ಮಾತು ಇಂಗ್ಲಿಷ್ ಸಸ್ಯರೋಗ ಗ್ರಂಥಗಳಲ್ಲಿಯೂ ಹಾಗೆಯೇ ಉಳಿದಿದೆ. ಕಾಫಿಯ ಒಂದು ರೋಗಕ್ಕೂ ಅದೇ ಹೆಸರುಂಟು, ಆದರೆ ಅದನ್ನು ತರುವ ಶಿಲೀಂಧ್ರ ಬೇರೆ.

ಬೋರ್ಡೋ ದ್ರಾವಣ ತಡೆಯುವ ಔಷಧಿಯೇ ಹೊರತು ವಾಸಿ ಮಾಡುವುದಲ್ಲ. ಕಾಯಿಯ ಮೇಲೆ ಕುಳಿತ ತಾಮ್ರ ಮೊಳೆಯುವ ಬೀಜಾಣುವನ್ನು ಕೊಲ್ಲುತ್ತದೆ, ಒಳಹೊಕ್ಕಿದ್ದನ್ನು ಮುಟ್ಟಲಾರದು. ಆದುದರಿಂದ ಮೊದಲ ಸಿಂಪಡಣೆ ರೋಹಿಣಿ ಮಳೆಯ ಬಿಡುವಿನಲ್ಲಿ, ಮುಂಗಾರು ಬಲಿಯುವ ಮೊದಲೇ ಆಗತಕ್ಕದ್ದು. ಹೊಸ ಕಾಯಿ ದಪ್ಪವಾದಂತೆ ಔಷಧಿಯ ಪೊರೆ ಬಿರಿಯುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಎರಡನೆಯದನ್ನು 40ರಿಂದ 45 ದಿನಗಳಿಗೆ, ಅಂದರೆ ಪುನರ್ವಸು ಪುಷ್ಯ ಮಳೆಗಳ ನಡುವೆ ಹೊಳವು ಸಿಕ್ಕಾಗ ಹೊಡೆಯಬೇಕು. ಮಳೆ ಮುಂದುವರಿದರೆ ಮೂರನೆಯದೂ ಬೇಕು. ಕೊನೆಗಾರರು ಸಿಗಲಿಲ್ಲವೆಂದು ಮೊದಲನೆಯದನ್ನು ಆರಿದ್ರೆಗೆ ತಳ್ಳಿದ ತೋಟದಲ್ಲಿ ಎರಡನೆಯದು ಎಷ್ಟು ಚೆನ್ನಾಗಿ ಆದರೂ ಪೂರ್ತಿ ಫಲ ಸಿಗದು. ಈಗ ನೆಲದಲ್ಲೇ ನಿಂತು ದೋಟಿಯಿಂದ ಹೊಡೆಯುವ ಅನುಕೂಲವೂ ಇದೆ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನವಾಗಿ ಹೊಯ್ಯುತ್ತ ಕಲಕಬೇಕು. ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದ್ದಿದಾಗ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಮಾಡಿದ ದಿನವೇ ಬಳಸತಕ್ಕದ್ದು. ಹಳೆಯ, ಗಾಳಿಗೆ ಸತ್ತ ಸುಣ್ಣ ಬಳಸುವುದೇ ಇಲ್ಲಿನ ದೊಡ್ಡ ತಪ್ಪು.

ಉದುರಿದ ಕಾಯಿಗಳನ್ನು ಮಳೆಯಲ್ಲಿಯೂ ಆಗಾಗ ಹೆಕ್ಕಿ ತೋಟದಿಂದ ಹೊರಗೆ ಒಯ್ದು ಹೂಳಬೇಕು. ಮಳೆಗಾಲದ ಕೊನೆಗೆ ರೋಗ ಹಿಡಿದ ಕಾಯಿಗಳು ಉದುರದೆ ಕೊನೆಯಲ್ಲೇ ಒಣಗಿ ನಿಲ್ಲುತ್ತವೆ. ಮುಂದಿನ ವರ್ಷಕ್ಕೆ ರೋಗ ಉಳಿಯುವುದು ಇವುಗಳಲ್ಲಿಯೂ ಹೌದು. ಕೊನೆಕೊಯ್ಲಿನಲ್ಲಿ ಅವನ್ನು ಬಿಡದೆ ಇಳಿಸಿ ಸುಡತಕ್ಕದ್ದು. ಇದೇ ರೋಗ ಸುಳಿಗೆ ಇಳಿದು ಸತ್ತ ಮರಗಳನ್ನೂ ಕಡಿದು ತೆಗೆಯಬೇಕು.